20ನೇ ತಾರೀಕು ದಾಟುವುದು ಹೇಗೆ: ಗಾರ್ಮೆಂಟ್ಸ್ ಸಂಬಳದಲ್ಲಿ ಮನೆ ನಡೆಸುವವರಿಗೆ

ನಮ್ಮಮ್ಮ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹದಿನಾರು ವರ್ಷ ಟೈಲರ್ ಆಗಿದ್ದರು. ಸಂಬಳ 7ನೇ ತಾರೀಕು. ಬಾಡಿಗೆ ಕೊಟ್ಟು, ದಿನಸಿ ಅಂಗಡಿ ಬಾಕಿ ತೀರಿಸಿ, ಸಂಘದ ಕಂತು ಕಟ್ಟಿ, ಉಳಿದಿದ್ದನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದರು. 20ರ ಹೊತ್ತಿಗೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಇರುತ್ತಿತ್ತು. ಅಲ್ಲಿಂದ ಮುಂದಿನ 7ರವರೆಗೆ ಮನೆಯಲ್ಲಿ ಯಾರಿಗೂ ಜ್ವರ ಬರಬಾರದು, ಗ್ಯಾಸ್ ಮುಗಿಯಬಾರದು, ಊರಿಂದ ಸಾವಿನ ಸುದ್ದಿ ಬರಬಾರದು.

ಒಂದು ಸಲ ತಮ್ಮನಿಗೆ ಡೆಂಗ್ಯೂ ಬಂತು. ಪಕ್ಕದ ನರ್ಸಿಂಗ್ ಹೋಮ್‌ಗೆ ಸೇರಿಸಿ, 10,000 ಕೈಸಾಲ ತಂದರು, ನೂರಕ್ಕೆ 5 ರೂಪಾಯಿ ಬಡ್ಡಿ. ತಿಂಗಳಿಗೆ 500. ಎರಡೂವರೆ ವರ್ಷ ಕಟ್ಟಿದರು, ಅಂದರೆ 15,000 ಬಡ್ಡಿಗೇ ಹೋಯಿತು, ಅಸಲು 10,000 ಹಾಗೇ ನಿಂತಿತ್ತು. ಅಷ್ಟೂ ದಿನ ಅವರ ಇಎಸ್‌ಐ ಕಾರ್ಡು, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು, ಟ್ರಂಕಿನಲ್ಲಿ ಸೀರೆ ಕೆಳಗೆ ಇತ್ತು. ಅದು ಮಕ್ಕಳಿಗೂ ಆಗುತ್ತೆ ಅಂತ ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಇದು ನೆನಪಾದಾಗಲೆಲ್ಲ ನನಗೆ ಈಗಲೂ ಹೊಟ್ಟೆ ಉರಿಯುತ್ತೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಾಗಾಗಿ ಉಳಿತಾಯಕ್ಕಿಂತ ಮುಂಚೆ, ಈಗಾಗಲೇ ನಿಮ್ಮದಾಗಿರುವುದನ್ನು ಹುಡುಕಿ. ಪೇ ಸ್ಲಿಪ್ ತೆಗೆದು ನೋಡಿ. ತಿಂಗಳ ಸಂಬಳ 21,000ದ ಒಳಗಿದ್ದು, ನಿಮ್ಮ ಕಾರ್ಖಾನೆ ಇಎಸ್‌ಐಗೆ ಸೇರಿದ್ದರೆ ನಿಮ್ಮಿಂದ 0.75% ಹಿಡಿಯುತ್ತಾರೆ, ಕಂಪನಿ 3.25% ಹಾಕುತ್ತೆ. ಆ ದುಡ್ಡಿಗೆ ನಿಮಗೆ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನಿಗೆ ಚಿಕಿತ್ಸೆ ಸಿಗುತ್ತೆ. ಆದರೆ ಅವರ ಹೆಸರು ಕಾರ್ಡಿನಲ್ಲಿ ಸೇರಿರಬೇಕು. ಸೇರಿಲ್ಲ ಅಂದರೆ ಎಚ್‌ಆರ್‌ನವರ ಹತ್ತಿರ ಹೋಗಿ ಈ ವಾರವೇ ಸೇರಿಸಿಕೊಳ್ಳಿ, ಆಸ್ಪತ್ರೆ ಬಾಗಿಲಲ್ಲಿ ನಿಂತು ಸೇರಿಸೋಕಾಗಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ನಿಮಗೇ ಹುಷಾರಿಲ್ಲದೆ ರಜೆ ಹಾಕಿದರೆ, ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಇದ್ದರೆ, ಇಎಸ್‌ಐ ವಂತಿಗೆಯ ಆರು ತಿಂಗಳ ಅವಧಿಯಲ್ಲಿ 78 ದಿನ ಕೆಲಸ ಮಾಡಿದ್ದರೆ, ಸಂಬಳದ 70% ಸಿಗುತ್ತೆ, ವರ್ಷಕ್ಕೆ 91 ದಿನದವರೆಗೆ. ಇಎಸ್‌ಐ ಆಸ್ಪತ್ರೆಯಲ್ಲಿ ಕ್ಯೂ ಇರುತ್ತೆ, ಅರ್ಧ ದಿನ ಹೋಗುತ್ತೆ, ನಿಜ. ಆದರೂ ಅರ್ಧ ದಿನದ ಕೂಲಿಗೂ ಎರಡೂವರೆ ವರ್ಷದ ಬಡ್ಡಿಗೂ ಎಷ್ಟು ವ್ಯತ್ಯಾಸ ನೋಡಿ.

ಪಿಎಫ್ ಕೂಡ ಹಾಗೇ, ನಿಮ್ಮ ಸಂಬಳದಿಂದಲೂ ಕಂಪನಿಯಿಂದಲೂ ತಿಂಗಳು ತಿಂಗಳು ಸೇರುವ ಭವಿಷ್ಯ ನಿಧಿ ಅದು. 2016ರಲ್ಲಿ, ಕಂಪನಿ ಹಾಕಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಆ ದುಡ್ಡು ಮಗಳ ಮದುವೆಗೋ ಮನೆಯ ಅಡ್ವಾನ್ಸ್‌ಗೋ ಅಂತ ಲೆಕ್ಕ ಹಾಕಿಟ್ಟವರಿಗೆ ಅದರ ಬೆಲೆ ಗೊತ್ತಿತ್ತು. ನೀವು ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಅದಕ್ಕೆ ಆಧಾರ್, ಬ್ಯಾಂಕ್ ಖಾತೆ ಜೋಡಿಸಿ, ಪ್ರತಿ ತಿಂಗಳು ದುಡ್ಡು ಬೀಳ್ತಿದೆಯಾ ಅಂತ ಉಮಂಗ್ ಆ್ಯಪ್‌ನಲ್ಲಿ ನೋಡ್ತಾ ಇರಿ. ಪಾಸ್‌ಬುಕ್‌ನಲ್ಲಿ ಹೆಸರಿಗೂ ಆಧಾರ್‌ಗೂ ಒಂದಕ್ಷರ ವ್ಯತ್ಯಾಸ ಇದ್ದರೂ ಆಮೇಲೆ ಓಡಾಟ ಜಾಸ್ತಿ.

ಇನ್ನು ಕೆಲಸ ಬಿಡುವ ಯೋಚನೆ ಇದ್ದರೆ, ಬಿಡುವ ಮುಂಚೆ ಸೇರಿದ ತಾರೀಕು ನೋಡಿಕೊಳ್ಳಿ. ಕಾಯಂ ನೌಕರರಿಗೆ ಒಂದೇ ಕಡೆ ಸತತ 5 ವರ್ಷ ಆದರೆ, ಬಿಡುವಾಗ ಕಂಪನಿಯಿಂದ ಗ್ರಾಚ್ಯುಟಿ ಅಂತ ದುಡ್ಡು ಬರುತ್ತೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ಅಂದುಕೊಳ್ಳಿ. ತಿಂಗಳಿಗೆ 26 ಕೆಲಸದ ದಿನ ಅಂತ ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500, 15 ದಿನಕ್ಕೆ 7,500, ಐದು ವರ್ಷಕ್ಕೆ 37,500. ಸೂಪರ್‌ವೈಸರ್ ಬೈದರು ಅಂತ ನಾಲ್ಕು ವರ್ಷಕ್ಕೇ ಬಿಟ್ಟು ಬಂದವರನ್ನು ನೋಡಿದ್ದೇನೆ. ಬೈಗುಳ ಸಹಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ, ಎಷ್ಟು ಬಿಟ್ಟು ಹೋಗುತ್ತಿದ್ದೀರಿ ಅಂತ ಗೊತ್ತಿದ್ದು ಹೋಗಿ.

ಈಗ ಸಾಲ. ಒಂದು ನೋಟ್‌ಬುಕ್ ತೆಗೆದುಕೊಂಡು ಎಲ್ಲ ಸಾಲವನ್ನೂ ಬರೆಯಿರಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕಂತು ಯಾವ ದಿನ. ಗಂಡನಿಗೆ ಗೊತ್ತಿಲ್ಲದ ಸಾಲ, ಹೆಂಡತಿಗೆ ಗೊತ್ತಿಲ್ಲದ ಸಾಲ, ಎರಡೂ ಬರಲಿ. ಜಗಳ ಆಗುತ್ತೆ, ಆಗಲಿ. ಆಮೇಲೆ ದೊಡ್ಡ ಸಾಲ ಯಾವುದು ಅಂತ ನೋಡಬೇಡಿ, ಬಡ್ಡಿ ಜಾಸ್ತಿ ಯಾವುದು ಅಂತ ನೋಡಿ. ನೂರಕ್ಕೆ 5 ರೂಪಾಯಿ ಅಂದರೆ ಕೇಳೋಕೆ ಚಿಕ್ಕದು, ವರ್ಷಕ್ಕೆ ಅದು 60%. ದಿನದ ಸಾಲ ಇನ್ನೂ ಕೆಟ್ಟದ್ದು. 10,000 ಅಂತ ಹೇಳಿ ಕೈಗೆ 9,000 ಕೊಡ್ತಾರೆ, ದಿನಾ 100ರಂತೆ ನೂರು ದಿನ ಕಟ್ಟಿಸಿಕೊಳ್ತಾರೆ. ಸಾವಿರ ರೂಪಾಯಿ ತಾನೇ ಅನಿಸುತ್ತೆ ಅಲ್ವಾ? ಆದರೆ ಆ 9,000 ನಿಮ್ಮ ಹತ್ತಿರ ಪೂರ್ತಿ ನೂರು ದಿನ ಇರಲ್ಲ, ಮೊದಲ ದಿನದಿಂದಲೇ ವಾಪಸ್ ಹೋಗ್ತಾ ಇರುತ್ತೆ. ಸರಾಸರಿ 4,500 ಮಾತ್ರ ನಿಮ್ಮ ಕೈಯಲ್ಲಿತ್ತು ಅಂತ ಲೆಕ್ಕ ಹಾಕಿದರೆ, ವರ್ಷದ ಬಡ್ಡಿ ಸುಮಾರು 80% ಆಗುತ್ತೆ.

ಮನೆಯಲ್ಲಿ ಒಂದು ಜೊತೆ ಓಲೆ ಇದ್ದರೂ ಬ್ಯಾಂಕಿನಲ್ಲಿ ಅಡ ಇಟ್ಟು ಇಂಥ ಸಾಲ ತೀರಿಸಿ. ಗಿರವಿ ಅಂಗಡಿಗೆ ಹೋಗಬೇಡಿ, ಬ್ಯಾಂಕಿಗೇ ಹೋಗಿ, ರಸೀದಿಯಲ್ಲಿ ತೂಕ ಸರಿಯಾಗಿ ಬರೆದಿದ್ದಾರಾ ನೋಡಿ. ಒಡವೆ ಅಡ ಇಡೋದು ಅವಮಾನ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ನನ್ನ ಪ್ರಕಾರ ಒಡವೆ ಇರೋದೇ ಇದಕ್ಕೆ.

ಮೈಕ್ರೋಫೈನಾನ್ಸ್ ಸಂಘದ ಸಾಲ ಇದ್ದರೆ ಎರಡು ಮಾತು ನೆನಪಿರಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಈ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಬೆಳಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಿ ವಸೂಲಿಗೆ ಕಾಡುವ ಹಾಗೂ ಇಲ್ಲ. ಒಂದು ಸಂಘದ ಕಂತು ಕಟ್ಟೋಕೆ ಇನ್ನೊಂದು ಸಂಘಕ್ಕೆ ಸೇರೋದು ಮಾತ್ರ ಬೇಡವೇ ಬೇಡ. ನಮ್ಮ ಬೀದಿಯಲ್ಲಿ ರಾತ್ರೋರಾತ್ರಿ ಮನೆ ಖಾಲಿ ಮಾಡಿದವರೆಲ್ಲ ಹಾಗೆ ಶುರು ಮಾಡಿದವರೇ.

ಇದರ ಜೊತೆಗೇ 5,000 ರೂಪಾಯಿಯ ಒಂದು ಗಂಟು ಮಾಡಿ. ಸಾಲ ಪೂರ್ತಿ ತೀರಲಿ ಆಮೇಲೆ ಅಂತ ಕಾಯಬೇಡಿ, ಆ ಗಂಟು ಇಲ್ಲದಿದ್ದರೆ ಮುಂದಿನ ಜ್ವರಕ್ಕೆ ಮತ್ತೆ ಕೈಸಾಲವೇ. ಸಂಬಳ ಬೀಳುವ ಖಾತೆಯಲ್ಲಿ ಇಟ್ಟರೆ ಅದು ಉಳಿಯಲ್ಲ. ಪೋಸ್ಟ್ ಆಫೀಸಿನಲ್ಲಿ 500 ರೂಪಾಯಿಗೆ ಉಳಿತಾಯ ಖಾತೆ ತೆರೆಯಬಹುದು, ಅದನ್ನು ಫೋನ್‌ಪೇಗೆ ಜೋಡಿಸದೆ ಬೇರೆ ಇಡಿ. ದುಡ್ಡು ಎಲ್ಲಿಂದ ಅಂತೀರಾ? ಓಟಿ ದುಡ್ಡು ಬಂದ ತಿಂಗಳು ಅರ್ಧ ಅಲ್ಲಿಗೆ. ಹಬ್ಬದ ಬೋನಸ್‌ನಲ್ಲಿ ಒಂದು ಭಾಗ ಅಲ್ಲಿಗೆ. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ಬಾಡಿಗೆಯ ಲೆಕ್ಕಕ್ಕೆ ಸೇರಿಸಬೇಡಿ, ಅದು ಒಂದೊಂದು ಸಲ ತಡವಾಗಿ ಬರುತ್ತೆ, ನಂಬಿ ಕೂತರೆ ಕಷ್ಟ. ಬಂದಾಗ ಗಂಟಿಗೆ ಹಾಕಿ.

ಜೂನ್ ತಿಂಗಳ ಸ್ಕೂಲ್ ಫೀಸು ಬೇರೆ ವಿಷಯ. ಅದು ದಿಢೀರ್ ಬರುವ ಕಷ್ಟ ಅಲ್ಲ, ಪ್ರತಿ ವರ್ಷ ಬರೋದೇ. 12,000 ಬೇಕು ಅಂದರೆ ತಿಂಗಳಿಗೆ 1,000ದಂತೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಮಾಡಿ. ಪೋಸ್ಟ್ ಆಫೀಸ್ ಆರ್‌ಡಿ 5 ವರ್ಷದ್ದು, ಇದಕ್ಕೆ ಹೊಂದಲ್ಲ. ಚೀಟಿ ಹಾಕಲೇಬೇಕು ಅಂದರೆ ನೋಂದಣಿ ಆದ ಕಡೆ ಹಾಕಿ, ಎಂಎಸ್‌ಐಎಲ್ ಚೀಟಿ ಕರ್ನಾಟಕ ಸರ್ಕಾರದ್ದೇ. ಪರಿಚಯದ ಅಕ್ಕ ನಡೆಸುವ ಚೀಟಿ ಅಂತ ಪೂರ್ತಿ ಉಳಿತಾಯ ಅಲ್ಲೇ ಇಡಬೇಡಿ. ಅಕ್ಕ ಒಳ್ಳೆಯವರೇ ಇರಬಹುದು, ಚೀಟಿ ಎತ್ತಿಕೊಂಡು ಹೋದವರು ದುಡ್ಡು ಕಟ್ಟದಿದ್ದರೆ ಅವರೇನು ಮಾಡ್ತಾರೆ ಪಾಪ?

ವಿಮೆಗೆ ದೊಡ್ಡ ಪಾಲಿಸಿ ಬೇಡ. ಬ್ಯಾಂಕ್ ಖಾತೆ ಇದ್ದರೆ ಜೀವನ್ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಬಿಮಾ 20 ರೂಪಾಯಿ. ಮೊದಲನೆಯದು ಯಾವುದೇ ಸಾವಿಗೆ, ಎರಡನೆಯದು ಅಪಘಾತಕ್ಕೆ, ತಲಾ 2 ಲಕ್ಷ. ಮೇ ಕೊನೆಗೆ ಖಾತೆಯಿಂದ ದುಡ್ಡು ಕಡಿತ ಆಗುತ್ತೆ, ಆವಾಗ 456 ರೂಪಾಯಿ ಇರುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತೆ.

ಕೊನೆಗೆ ಆ ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ಯುಎಎನ್, ಇಎಸ್‌ಐ ನಂಬರ್, ಬ್ಯಾಂಕ್ ಖಾತೆಗಳು, ಪ್ರತಿಯೊಂದಕ್ಕೂ ನಾಮಿನಿ ಯಾರು ಅಂತ ಬರೆಯಿರಿ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರ ಪಿಎಫ್‌ನಲ್ಲಿ ಇನ್ನೂ ಅಪ್ಪನ ಹೆಸರೇ ಇರುತ್ತೆ, ಅದನ್ನು ಬದಲಾಯಿಸಿ. ಪುಸ್ತಕ ಎಲ್ಲಿಟ್ಟಿದ್ದೀರಿ ಅಂತ ಮನೆಯ ದೊಡ್ಡ ಮಗುವಿಗೆ ತೋರಿಸಿಡಿ.