ಸೆಕೆಂಡ್‌ಹ್ಯಾಂಡ್ ಟ್ರೇಲರ್ ಲಾರಿ: ಎಂಜಿನ್ ಗಟ್ಟಿ ಇದೆಯೇ ನೋಡುವುದು ಹೇಗೆ?

ಲಾರಿ ನೋಡಲು ಹೊರಡುವ ಮೊದಲೇ, ನೀವು ಬರುವ ತನಕ ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ಹೇಳಿಡಿ. ಹೋದ ಕೂಡಲೇ ಎಂಜಿನ್ ಬ್ಲಾಕ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ವಾಪಸ್ ಬಂದುಬಿಡಿ, ಇನ್ನೊಂದು ಬೆಳಿಗ್ಗೆ ಹೋಗಿ. ನೀರು ಹೊಡೆದು ತೊಳೆದ ಎಂಜಿನ್ ಕಂಡು ಖುಷಿಪಡಬೇಡಿ; ಆಯಿಲ್ ಸೋರುವ ಜಾಗದ ಗುರುತೂ ತೊಳೆದುಹೋಗಿರುತ್ತದೆ.

1. ಡಿಪ್‌ಸ್ಟಿಕ್ ಎಳೆಯಿರಿ. ಬೂದು-ಕಂದು ನೊರೆ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಆಯಿಲ್ ಜೇನಿನಂತೆ ಅಂಟಂಟಾಗಿ ಇಳಿದರೆ ಹೊಗೆ, ಸದ್ದು ಮುಚ್ಚಲು ದಪ್ಪ ಆಯಿಲ್ ಅಥವಾ ಅಡಿಟಿವ್ ಸುರಿದಿರಬಹುದು. ರೇಡಿಯೇಟರ್‌ನಲ್ಲಿ ಲೀಕ್ ನಿಲ್ಲಿಸುವ ಪುಡಿಯ ಕೆಸರು ಕಂಡರೂ ಬೇಡ ಅನ್ನಿ.

2. ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ.

3. ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಗ್ಯಾಸ್ ಪಿಸ್ಟನ್ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯುವುದು. ಹೆಚ್ಚಿನವರು ಎಡವುವುದು ಇಲ್ಲೇ. ತಣ್ಣಗಿರುವಾಗಲೇ ಆಯಿಲ್ ಕ್ಯಾಪ್ ತೆಗೆದು ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬರಬೇಕು, ಬ್ರೇಕ್‌ನ ಏರ್ ಟ್ಯಾಂಕ್ ತುಂಬಿ 'ಫುಸ್' ಎಂದು ಕಟ್ ಆಗಬೇಕು. ಆಮೇಲೆ ಕ್ಯಾಪ್ ಬಿಚ್ಚಿ, ಬಾಯಿಯ ಮೇಲೆ ತಿರುಗಿಸದೆ ಬೋರಲಾಗಿ ಇಡಿ. ಐಡ್ಲಿಂಗ್‌ನಲ್ಲಿ ಸಣ್ಣಗೆ ಅದುರಿದರೆ, ತೆಳು ಆವಿ ಬಂದರೆ ಚಿಂತೆಯಿಲ್ಲ. ಕ್ಯಾಪ್ ಹಾರಿಬಿದ್ದರೆ, ಹೊಗೆ ಬುಸುಬುಸು ಹೊಡೆದರೆ ಪಿಸ್ಟನ್ ರಿಂಗ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿರಬಹುದು. 1500 ಆರ್‌ಪಿಎಂಗೆ ಏರಿಸಿ ಇನ್ನೊಮ್ಮೆ ನೋಡಿ, ಆ ಗ್ಯಾಸ್ ಹೊರಬಿಡುವ ಬ್ರೀದರ್ ಪೈಪ್ ತುದಿಯಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆಯೇ ಗಮನಿಸಿ.

ಬ್ರೇಕ್‌ಗೆ ಗಾಳಿ ತುಂಬುವ ಏರ್ ಕಂಪ್ರೆಸರ್ ಹೋಗಿದ್ದರೂ ಆಯಿಲ್ ಚೇಂಬರ್‌ಗೆ ಗಾಳಿ ನುಗ್ಗುತ್ತದೆ. ಬ್ರೇಕ್ ನಾಲ್ಕಾರು ಸಲ ಒತ್ತಿ ಗಾಳಿ ಇಳಿಸಿ. ಕಂಪ್ರೆಸರ್ ಮತ್ತೆ ಗಾಳಿ ತುಂಬಲು ಶುರುಮಾಡಿದಾಗಲಷ್ಟೇ ಹೊಗೆ ಜಾಸ್ತಿಯಾದರೆ ತಪ್ಪು ಅದರದ್ದು. ಟ್ಯಾಂಕ್ ಕೆಳಗಿನ ಡ್ರೈನ್ ವಾಲ್ವ್‌ಗೆ ಬಿಳಿ ಬಟ್ಟೆ ಹಿಡಿದು ಎಳೆಯಿರಿ, ಕಪ್ಪು ಆಯಿಲ್ ಸಿಡಿದರೆ ಖಾತ್ರಿಯಾಯಿತು. ಕಂಪ್ರೆಸರ್ ಖರ್ಚೇ ಬೇರೆ, ಆರು ಲೈನರ್-ಪಿಸ್ಟನ್ ಕಿಟ್‌ನ ಖರ್ಚೇ ಬೇರೆ. ಹಾಗೆಯೇ ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನ ಕೆಳಗಿನ ಹೋಸ್ ಬಿಚ್ಚಿಸಿ: ತೆಳು ಜಿಡ್ಡು ಪರವಾಗಿಲ್ಲ, ಆಯಿಲ್ ನಿಂತಿದ್ದರೆ ಟರ್ಬೊ ಸೀಲ್ ನೋಡಿಸಬೇಕು.

4. ಬಿಸಿ ಎಂಜಿನ್‌ನಲ್ಲೇ ಆಯಿಲ್ ಪ್ರೆಷರ್ ನೋಡಿ. 6.7 ಲೀಟರ್ ಕಮಿನ್ಸ್ ಎಂಜಿನ್‌ಗೆ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿಎಸ್‌ಐ, ರೇಟೆಡ್ ವೇಗದಲ್ಲಿ 30 ಪಿಎಸ್‌ಐ ಬೇಕು. ಡ್ಯಾಶ್‌ಬೋರ್ಡ್ ನಂಬದೆ ಮೆಕ್ಯಾನಿಕಲ್ ಗೇಜ್ ಹಾಕಿಸಿ.

5. ಸ್ಕ್ಯಾನರ್ ಹಾಕಿಸಿ ಕಿ.ಮೀ.ಯನ್ನು ಎಂಜಿನ್ ಗಂಟೆಯಿಂದ ಭಾಗಿಸಿ. 4 ಲಕ್ಷ ಕಿ.ಮೀ., 20,000 ಗಂಟೆ ಎಂದರೆ ಸರಾಸರಿ ಗಂಟೆಗೆ 20 ಕಿ.ಮೀ. ಹೆದ್ದಾರಿ ಟ್ರೇಲರ್‌ಗೆ ಇದು ತೀರಾ ಕಡಿಮೆ: ಮೀಟರ್ ತಿದ್ದಿರಬೇಕು, ಇಲ್ಲವೇ ಎಂಜಿನ್ ಐಡ್ಲಿಂಗ್‌ನಲ್ಲೇ ಸವೆದಿರಬೇಕು. ಬಿಎಸ್-6 ಗಾಡಿಯಲ್ಲಿ ಡಿಇಎಫ್ (ಹೊಗೆ ಶುದ್ಧಗೊಳಿಸುವ ಯೂರಿಯಾ ದ್ರವ) ಬೈಪಾಸ್ ಮಾಡುವ ಡಬ್ಬಿ ವೈರಿಂಗ್‌ನಲ್ಲಿ ಸೇರಿಸಿದ್ದರೆ ಆ ಗಾಡಿಯನ್ನೇ ಮುಟ್ಟಬೇಡಿ.

6. ಲೋಡ್ ಹಾಕಿ ಏರು ಹತ್ತಿಸಿ. ಖಾಲಿ ಗಾಡಿಯ ಓಟದಿಂದ ಏನೂ ತಿಳಿಯುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಬ್ಲಾಕ್ ಮೇಲಿನ ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಬದಲಿಸಿದ ಎಂಜಿನ್ ಆರ್‌ಟಿಒದಲ್ಲಿ ದಾಖಲಾಗಿಲ್ಲದಿದ್ದರೆ, ದಾಖಲು ಮಾಡಿಸಿಕೊಡುವ ತನಕ ಹಣ ಕೊಡಬೇಡಿ.