ಅಜ್ಜನ ನೀರುಚಕ್ರ ಮತ್ತೆ ತಿರುಗಿತು

ಮಲೆನಾಡಿನ ನಮ್ಮ ಅಡಿಕೆ ತೋಟದ ಅಂಚಿಗೆ ಹಳ್ಳವಿದೆ. ಅದರ ಬದಿಯಲ್ಲಿ ಅಜ್ಜ ನಿಲ್ಲಿಸಿದ್ದ ನೀರುಚಕ್ರಕ್ಕೆ ಬೆಲ್ಟ್ ಬಿಗಿದು ಮರ ಕಡೆಯುವ ಲೇತ್ ಓಡಿಸುತ್ತಿದ್ದರು. ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು ಎಲ್ಲವನ್ನೂ ಅಲ್ಲಿಯೇ ಕಡೆದರು. ಅವರು ತೀರಿಕೊಂಡ ಮೇಲೆ ಪಾಳುಬಿದ್ದಿದ್ದ ಅದನ್ನು ಅಪ್ಪ, ತಮ್ಮ ಮತ್ತು ನಾನು ಸೇರಿ ದುರಸ್ತಿ ಮಾಡಿದೆವು.

ಮೊದಲು ನೀರನ್ನು ಅಳೆದೆವು. 200 ಲೀಟರಿನ ಡ್ರಮ್ 10 ಸೆಕೆಂಡಿನಲ್ಲಿ ತುಂಬಿತು. ಬೀಳುವ ಎತ್ತರ 3 ಮೀಟರ್. ಲೆಕ್ಕಕ್ಕೆ 590 ವ್ಯಾಟ್ ಸಿಗಬೇಕು. ಸೋರಿಕೆ, ಘರ್ಷಣೆ ಕಳೆದರೆ ಹೆಚ್ಚೆಂದರೆ ಅರ್ಧ ಅಶ್ವಶಕ್ತಿ, ಅಂದರೆ ಸುಮಾರು 370 ವ್ಯಾಟ್. ಸಣ್ಣ ಲೇತಿಗೆ ಅಷ್ಟು ಸಾಕು. ಕೊಳೆತ ಹಲಗೆಗಳ ಜಾಗಕ್ಕೆ ಹಳೆಮನೆ ಬಿಚ್ಚಿದಾಗ ಉಳಿದಿದ್ದ ಹೆಬ್ಬಲಸಿನ ತೊಲೆಗಳನ್ನು ಸೀಳಿ ಹಾಕಿದೆವು. ದೋಣಿಗೆ ಬಳಸುವ ಮರ, ನೀರಿಗೆ ಅಂಜುವುದಿಲ್ಲ.

ಚಕ್ರ ನಿಮಿಷಕ್ಕೆ 12 ಸುತ್ತು, ಲೇತಿಗೆ 600 ಬೇಕು. ಒಂದಕ್ಕೆ ಏಳರಂತೆ ಎರಡು ಹಂತದಲ್ಲಿ, ಅಂದರೆ ಒಟ್ಟು 49 ಪಟ್ಟು ವೇಗ ಸಿಗುವಂತೆ ರಾಟೆ ಕಟ್ಟಿದೆವು. ರಾಟೆಯ ನಡು ತುಸು ಉಬ್ಬಿರಬೇಕು, ಆಗ ಪಟ್ಟಿ ಬೆಲ್ಟ್ ಜಾರದೆ ನಡುವಿಗೇ ಬಂದು ಕೂರುತ್ತದೆ.

ಕಾಡಿದ್ದು ಬೇರೆಯೇ ಒಂದು ತೊಂದರೆ. ಮೊದಲ ವಾರ ಚೆನ್ನಾಗಿ ಓಡಿದ ಲೇತ್ ಆಮೇಲೆ ಐದು ಸೆಕೆಂಡಿಗೊಮ್ಮೆ ಮಂಕಾಗತೊಡಗಿತು. ಉಳಿ ಮರವನ್ನು ಕಚ್ಚಿ ಗಾಯ ಮಾಡುತ್ತಿತ್ತು. ಬೇರಿಂಗ್ ಮೇಲೆ ಅನುಮಾನಪಟ್ಟು ಅಚ್ಚನ್ನು ಬಿಚ್ಚಿದೆವು, ರಸಮಟ್ಟ ಇಟ್ಟು ಮೂರು ದಿನ ಒದ್ದಾಡಿದೆವು. ಕೊನೆಗೆ ಊರಿನ ಹಿರಿಯ ಆಚಾರಿಗಳು ಬಂದು ನೋಡಿ, "ಮಾಣಿ, ನಿಂತಾಗ ಚಕ್ರದ ತಳ ಎಲ್ಲಿರುತ್ತದೆ ನೋಡಿದೆಯಾ?" ಎಂದು ಕೇಳಿದರು. ನೋಡಿದರೆ ಹೊರಹೋಗುವ ನೀರಿನ ಗುಂಡಿಯಲ್ಲಿತ್ತು! ರಾತ್ರಿಯಿಡೀ ನೆನೆದ ಬದಿ ಭಾರವಾಗಿ, ಅದು ಇಳಿಯುವಾಗ ವೇಗ, ಏರುವಾಗ ನಿಧಾನ. ಐದು ಸೆಕೆಂಡ್ ಎಂದರೆ ಚಕ್ರದ ಸರಿಯಾಗಿ ಒಂದು ಸುತ್ತು. ಅದು ನಮಗೆ ಹೊಳೆಯಬೇಕಿತ್ತು.

ಹೊರಗಾಲುವೆಯನ್ನು ಒಂದು ಅಡಿ ಆಳ ಮಾಡಿದೆವು. ಕೆಲಸ ನಿಲ್ಲಿಸಿದಾಗ ಚಕ್ರಕ್ಕೆ ನೀರು ಹಾಯಿಸುವ ದಂಬೆಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸುತ್ತೇವೆ, ಒಂದು ಹನಿಯೂ ಚಕ್ರದ ಮೇಲೆ ಬೀಳುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ಯಾರಾದರೂ ಹೋಗಿ ಕೈಯಿಂದ ಅರ್ಧ ಸುತ್ತು ತಿರುಗಿಸಿ ಬರುತ್ತಾರೆ. ಈಗ ಅದು ಹೆಚ್ಚಾಗಿ ಅಮ್ಮನ ಕೆಲಸ. ಅವರ ಕಡಗೋಲನ್ನೇ ಮೊದಲು ಕಡೆದುಕೊಟ್ಟೆವು.

ಶಿವರಾತ್ರಿಯ ಹೊತ್ತಿಗೆ ಹಳ್ಳ ಸೊರಗಿ ಲೇತ್ ನಿಲ್ಲುತ್ತದೆ. ಬಿಸಿಲಿಗೆ ಹಲಗೆ ಬಿರಿಯದಂತೆ ಈ ಸಲ ಚಕ್ರದ ಮೇಲೆ ಸೋಗೆಯ ಚಪ್ಪರ ಹಾಕುತ್ತಿದ್ದೇವೆ.