ಎಂಡ್ ಟಾಸ್ಕ್ ಒತ್ತುವ ಮುಂಚೆ ನಾನು ಏನೇನು ನೋಡುತ್ತೇನೆ

ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ವಿನ್ಯಾಸ) ಮಾಡುತ್ತೇನೆ. ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೂ ನನ್ನ ಕೆಲಸವೇ. ಮದುವೆ ಸೀಸನ್ ಬಂತೆಂದರೆ ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಬುಕ್ ಎಲ್ಲ ಒಟ್ಟಿಗೆ ಬರುತ್ತವೆ. ಗಿರಾಕಿ ಪಕ್ಕದ ಕುರ್ಚಿಯಲ್ಲಿ ಕೂತು ಪ್ರೂಫ್ ನೋಡುತ್ತಿರುವಾಗಲೇ ಪರದೆ ಮಂಜಾಗಿ, ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತದೆ.

ಆಗ ಹೆಚ್ಚಿನವರು ಪ್ರೋಗ್ರಾಮನ್ನು ಬಲವಂತವಾಗಿ ಮುಚ್ಚುವ ಎಂಡ್ ಟಾಸ್ಕ್ ಒತ್ತಿಬಿಡುತ್ತಾರೆ. ನಾನು ಒತ್ತುವುದಿಲ್ಲ. ಮೌಸ್, ಕೀಬೋರ್ಡ್ ಕಳಿಸಿದ್ದಕ್ಕೆ ಒಂದು ಪ್ರೋಗ್ರಾಮ್ 5 ಸೆಕೆಂಡ್ ಸ್ಪಂದಿಸದಿದ್ದರೆ ವಿಂಡೋಸ್ ಹಾಗೆ ತೋರಿಸುತ್ತದೆ, ಅಷ್ಟೇ. ಒಳಗೆ ದೊಡ್ಡ ಫೈಲ್ ಸೇವ್ ಆಗುತ್ತಿದ್ದರೂ ಹೀಗೆ ಬರಬಹುದು. ಆ ಹೊತ್ತಿನಲ್ಲಿ ಪ್ರೋಗ್ರಾಮ್ ನಿಲ್ಲಿಸಿದರೆ ಫೈಲೇ ಹಾಳಾಗುವ ಸಾಧ್ಯತೆ ಇದೆ.

ಹಾಗಾಗಿ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುತ್ತೇನೆ. ನೇರವಾಗಿ ಡೀಟೇಲ್ಸ್‌ಗೆ ಹೋಗುತ್ತೇನೆ. ಅಲ್ಲಿ ಮೇಲಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೊಸ ಕಾಲಮ್‌ಗಳನ್ನು ಸೇರಿಸಬಹುದು. ಸಿಪಿಯು ಟೈಮ್ (ಪ್ರೊಸೆಸರ್ ಬಳಸಿದ ಸಮಯ), ಐಒ ರೀಡ್ ಬೈಟ್ಸ್ (ಓದಿದ ಡೇಟಾ), ಐಒ ರೈಟ್ ಬೈಟ್ಸ್ (ಬರೆದ ಡೇಟಾ) ಈ ಮೂರನ್ನು ನಮ್ಮ ಎಲ್ಲ ಕಂಪ್ಯೂಟರ್‌ಗಳಲ್ಲೂ ಸೇರಿಸಿಟ್ಟಿದ್ದೇನೆ. ಸಿಕ್ಕಿಬಿದ್ದ ಪ್ರೋಗ್ರಾಮ್‌ನ ಸಾಲಿನಲ್ಲಿ ಈ ನಂಬರ್‌ಗಳು ಏರುತ್ತಾ ಇದ್ದರೆ ಅದಿನ್ನೂ ಏನೋ ಮಾಡುತ್ತಿದೆ ಎಂದರ್ಥ. ಗಿರಾಕಿಗೆ ಒಂದು ಚಹಾ ತರಿಸಿ ಕಾಯುವುದೇ ಒಳ್ಳೆಯದು. ಮೂರೂ ನಿಂತಲ್ಲೇ ನಿಂತಿದ್ದರೆ ಅದು ಬೇರೆ ಯಾವುದಕ್ಕೋ ಕಾಯುತ್ತಿದೆ.

ಯಾವುದಕ್ಕೆ ಅಂತಲೂ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಅನಲೈಜ್ ವೇಟ್ ಚೈನ್' ಆರಿಸಬೇಕು. ಬಹಳ ಜನ ಇದನ್ನು ನೋಡೇ ಇರುವುದಿಲ್ಲ. ನನಗೆ ಮಾತ್ರ ಟಾಸ್ಕ್ ಮ್ಯಾನೇಜರ್‌ನಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ನಮ್ಮಲ್ಲಿ ಪ್ರಿಂಟ್ ಕೊಟ್ಟಾಗಲೆಲ್ಲ ಹಳೆಯ ಡಿಸೈನ್ ಪ್ರೋಗ್ರಾಮ್ ಒಂದು ಗಟ್ಟಿಯಾಗಿ ಕೂತುಬಿಡುತ್ತಿತ್ತು. ವೇಟ್ ಚೈನ್ ತೆರೆದಾಗ ಅದು 'ಎಸ್‌ಪಿಎಲ್‌ವಾವ್64' ಎಂಬ ಇನ್ನೊಂದು ಪ್ರಾಸೆಸ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗೆ) ಕಾಯುತ್ತಿರುವುದು ಕಂಡಿತು. 32 ಬಿಟ್‌ನ ಹಳೆಯ ಪ್ರೋಗ್ರಾಮ್‌ಗಳು 64 ಬಿಟ್ ವಿಂಡೋಸ್‌ನ ಪ್ರಿಂಟರ್ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಜೊತೆ ಮಾತಾಡುವುದು ಇದರ ಮೂಲಕವೇ. ಆ ಒಂದನ್ನು ಮಾತ್ರ ನಿಲ್ಲಿಸಿದೆ. ಆ ಪ್ರಿಂಟ್ ರದ್ದಾಯಿತು, ಆದರೆ ಡಿಸೈನ್ ಪ್ರೋಗ್ರಾಮ್‌ಗೆ ಜೀವ ಬಂತು. ಅರ್ಧ ದಿನ ಕೂತು ಮಾಡಿದ ಕೆಲಸ ಉಳಿಯಿತು. ಆಮೇಲೆ ಡ್ರೈವರ್ ಪೂರ್ತಿ ತೆಗೆದು ಹೊಸದನ್ನು ಹಾಕಿದ್ದರಿಂದ ಆ ಕಾಟ ನಿಂತಿತು.

ಇದು ಒಂದು ಪ್ರೋಗ್ರಾಮ್‌ನ ಕಥೆ. ಇಡೀ ಕಂಪ್ಯೂಟರೇ ಎಳೆದಾಡುತ್ತಿದ್ದರೆ ಹುಡುಕುವ ದಾರಿ ಬೇರೆ. ನಮ್ಮ ಬಿಲ್ಲಿಂಗ್ ಟೇಬಲ್‌ನ ಕಂಪ್ಯೂಟರ್ ಹಾಗಿತ್ತು. 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್.

"ಹಳೇದಾತು ಬಿಡಪ್ಪ, ಹೊಸಾದು ತಗಳಾಣ" ಅಂದರು ಮಾಲೀಕರು.

"ತಡೀರಿ ಅಣ್ಣಾರೆ, ಎಲ್ಲಿ ಸಿಕ್ಕಾಕ್ಕೊಂಡೈತೆ ನೋಡಾಣ" ಅಂದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಆರಾಮಾಗಿತ್ತು. ಡಿಸ್ಕ್ ಮಾತ್ರ 100%. ವಿಚಿತ್ರ ಅಂದರೆ ಓಡಾಡುತ್ತಿದ್ದ ಡೇಟಾ ಸೆಕೆಂಡ್‌ಗೆ 1-2 ಎಂಬಿ ಅಷ್ಟೇ. ಇಷ್ಟು ಕಡಿಮೆ ಡೇಟಾಗೆ ಡಿಸ್ಕ್ ಹೇಗೆ 100% ಆಗುತ್ತದೆ ಅಂತ ಸುಮಾರು ಜನ ಕೇಳುತ್ತಾರೆ. ಆ 100% ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿತ್ತು ಅನ್ನುವುದರ ಲೆಕ್ಕ, ಎಷ್ಟು ಡೇಟಾ ಬಂತು ಅನ್ನುವುದರದ್ದಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ಬೇಕು. ಅದರ ಜೊತೆಗೆ ಡೇಟಾ ಓದುವ ಹೆಡ್ ಅಲ್ಲಿಂದಿಲ್ಲಿಗೆ ಸರಿಯಬೇಕು. ಬೇರೆ ಬೇರೆ ಕಡೆ ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಓದಬೇಕಾದರೆ ಸೆಕೆಂಡ್‌ಗೆ ನೂರು ಓದುವುದೂ ಕಷ್ಟ. ಗೋಡೌನ್‌ನಲ್ಲಿ ಒಂದೊಂದು ಹಾಳೆಗೂ ಒಂದೊಂದು ರ‍್ಯಾಕ್‌ಗೆ ಓಡುವ ಹುಡುಗನ ಸ್ಥಿತಿ ಅದು.

ಯಾರು ಓಡಿಸುತ್ತಿದ್ದಾರೆ ಅಂತ ನೋಡಲು ರಿಸೋರ್ಸ್ ಮಾನಿಟರ್ ಬೇಕು. ಸ್ಟಾರ್ಟ್‌ನಲ್ಲಿ ಹೆಸರು ಹೊಡೆದರೆ ಬರುತ್ತದೆ. ಅದರ ಡಿಸ್ಕ್ ಪುಟದಲ್ಲಿ ಯಾವ ಪ್ರಾಸೆಸ್ ಯಾವ ಫೈಲ್ ಓದುತ್ತಿದೆ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಲ್ಲವೂ ಕಾಣುತ್ತದೆ. ನಮ್ಮಲ್ಲಿ ರೆಸ್ಪಾನ್ಸ್ ಟೈಮ್ ನೂರಾರು ಮಿಲಿಸೆಕೆಂಡ್ ತೋರಿಸುತ್ತಿತ್ತು. ಆಂಟಿವೈರಸ್ ಹಳೆಯ ಕೆಲಸಗಳ ಫೋಲ್ಡರ್ ಪೂರ್ತಿ ಸ್ಕ್ಯಾನ್ ಮಾಡುತ್ತಿತ್ತು. ಅದೇ ಹೊತ್ತಿಗೆ, ಫೈಲ್ ಬೇಗ ಹುಡುಕಲೆಂದು ಪಟ್ಟಿ ಮಾಡಿಡುವ ಸರ್ಚ್ ಇಂಡೆಕ್ಸರ್ ಕೂಡ ಅದೇ ಫೋಲ್ಡರ್‌ನಲ್ಲಿತ್ತು. ಎರಡನ್ನೂ ನಾನು ಕಿತ್ತುಹಾಕಲಿಲ್ಲ. ಸ್ಕ್ಯಾನ್ ಅನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಬದಲಿಸಿದೆ. ಆ ಫೋಲ್ಡರನ್ನು ಇಂಡೆಕ್ಸಿಂಗ್ ಪಟ್ಟಿಯಿಂದ ತೆಗೆದೆ. ಆಂಟಿವೈರಸ್ ನಿಲ್ಲಿಸುವುದು ನಮ್ಮಂಥ ಜಾಗದಲ್ಲಿ ಸರಿಯಲ್ಲ. ದಿನಾ ಹತ್ತಾರು ಗಿರಾಕಿಗಳ ಪೆನ್ ಡ್ರೈವ್ ಬರುತ್ತವೆ, ಅಲ್ವಾ?

ಸ್ವಲ್ಪ ಚುರುಕಾಯಿತು. ಆದರೂ ಬಿಲ್ಲಿಂಗ್ ಮತ್ತು ಬ್ರೌಸರ್ ಒಟ್ಟಿಗೆ ತೆರೆದರೆ ಮತ್ತೆ ಅದೇ ಕಥೆ. ಈ ಸಲ ರಿಸೋರ್ಸ್ ಮಾನಿಟರ್‌ನ ಮೆಮೊರಿ ಪುಟದ 'ಹಾರ್ಡ್ ಫಾಲ್ಟ್ಸ್' ಕಾಲಮ್ ನೋಡಿದೆ. ಪ್ರೋಗ್ರಾಮ್‌ಗೆ ಬೇಕಾದ ಡೇಟಾ ರ‍್ಯಾಮ್‌ನಲ್ಲಿ ಇಲ್ಲದೆ ಡಿಸ್ಕ್‌ನಿಂದ ತರಬೇಕಾಗಿ ಬಂದಾಗ ಈ ನಂಬರ್ ಏರುತ್ತದೆ. ಪ್ರೋಗ್ರಾಮ್ ತೆರೆಯುವಾಗ ಒಮ್ಮೆ ಏರಿ ಇಳಿದರೆ ತೊಂದರೆ ಇಲ್ಲ. ಇಲ್ಲಿ ಇಳಿಯುತ್ತಲೇ ಇರಲಿಲ್ಲ. ಅಂದರೆ ರ‍್ಯಾಮ್ ಸಾಲದೆ ಡಿಸ್ಕ್ ಮೇಲೆ ಭಾರ ಬೀಳುತ್ತಿತ್ತು.

ಇದು ಬರೀ ನನ್ನ ಅನಿಸಿಕೆ ಆಗಬಾರದು ಅಂತ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಲಾಗ್ ಹಚ್ಚಿದೆ. ಉಳಿದಿರುವ ಮೆಮೊರಿ, ಡಿಸ್ಕ್ ಒಂದು ಓದಿಗೆ ತೆಗೆದುಕೊಳ್ಳುವ ಸಮಯ ಈ ಎರಡು ಕೌಂಟರ್ (ಅಳತೆ) ಸಾಕು. 15 ಸೆಕೆಂಡ್‌ಗೊಮ್ಮೆ ಬರೆದಿಡುತ್ತದೆ. ಸಂಜೆ ಗ್ರಾಫ್ ತೆರೆದರೆ ಮೆಮೊರಿ ತಳ ಮುಟ್ಟಿದಾಗಲೆಲ್ಲ ಡಿಸ್ಕ್‌ನ ಸಮಯ ಮೇಲಕ್ಕೆ ಹಾರಿತ್ತು. ಮಾಲೀಕರಿಗೆ ಅದನ್ನೇ ತೋರಿಸಿದೆ. ಮೊದಲು ರ‍್ಯಾಮ್ 8 ಜಿಬಿ ಮಾಡಿದೆವು, ಆಮೇಲೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದೆವು. ಹೊಸ ಕಂಪ್ಯೂಟರ್ ಮಾತು ಮತ್ತೆ ಬರಲಿಲ್ಲ.

ರ‍್ಯಾಮ್ ಖಾಲಿ ಮಾಡಿಕೊಡುತ್ತೇವೆ ಎನ್ನುವ ಪ್ರೋಗ್ರಾಮ್‌ಗಳನ್ನು ಮಾತ್ರ ಯಾರೂ ಹಾಕಿಕೊಳ್ಳಬೇಡಿ. ವಿಂಡೋಸ್ ಖಾಲಿ ರ‍್ಯಾಮ್‌ನಲ್ಲಿ ಇತ್ತೀಚೆಗೆ ಬಳಸಿದ ಫೈಲ್‌ಗಳನ್ನು ಇಟ್ಟುಕೊಂಡಿರುತ್ತದೆ. ಅದು 'ಕ್ಯಾಶ್ಡ್' ಲೆಕ್ಕದಲ್ಲಿ ಕಾಣುತ್ತದೆ. ಬೇರೆ ಪ್ರೋಗ್ರಾಮ್‌ಗೆ ಜಾಗ ಬೇಕಾದಾಗ ತಾನಾಗಿಯೇ ಬಿಟ್ಟುಕೊಡುತ್ತದೆ. ಅದನ್ನು ಬಲವಂತವಾಗಿ ಖಾಲಿ ಮಾಡಿದರೆ ಅದೇ ಫೈಲನ್ನು ಮತ್ತೆ ಡಿಸ್ಕ್‌ನಿಂದ ತರಬೇಕಾಗುತ್ತದೆ.

ಸ್ಟಾರ್ಟಪ್ ಪಟ್ಟಿ ಚೊಕ್ಕ ಮಾಡುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಆದರೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿರುವ ಸಿಪಿಯು ಪುಟದ ಕೆಳಗೆ 'ಅಪ್ ಟೈಮ್' ಅಂತ ಇರುತ್ತದೆ, ಅದನ್ನು ಒಮ್ಮೆ ನೋಡಿ. ದಿನಾ ರಾತ್ರಿ ಶಟ್ ಡೌನ್ ಮಾಡುತ್ತಿದ್ದರೂ ಅಲ್ಲಿ ಎಷ್ಟೋ ದಿನ ತೋರಿಸಬಹುದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಡಿಸ್ಕ್‌ನಲ್ಲಿ ಹಾಗೇ ಉಳಿದಿರುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಬೇಕು. ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಎಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತವೆ.

ಸಿಪಿಯು ವಿಷಯದಲ್ಲಿ ಇನ್ನೊಂದು. ನಾಲ್ಕು ಕೋರ್ (ಸಿಪಿಯು ಒಳಗೆ ಲೆಕ್ಕ ಮಾಡುವ ಭಾಗ), ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ) ಇರುವ ಕಂಪ್ಯೂಟರ್‌ನಲ್ಲಿ ಒಂದು ಪ್ರೋಗ್ರಾಮ್ 25% ಹತ್ತಿರ ನಿಂತುಬಿಟ್ಟರೆ ಅದು ಒಂದು ಕೋರನ್ನು ಪೂರ್ತಿ ಹಿಡಿದಿರುವ ಸಾಧ್ಯತೆ ಜಾಸ್ತಿ. ಹಳೆಯ ಡಿಟಿಪಿ ಪ್ರೋಗ್ರಾಮ್‌ಗಳು ಎಷ್ಟೋ ಕೆಲಸ ಒಂದೇ ಕೋರ್‌ನಲ್ಲಿ ಮಾಡುತ್ತವೆ. ಅಂಥವಕ್ಕೆ ಕೋರ್ ಸಂಖ್ಯೆ ಹೆಚ್ಚಿಸಿದರೆ ಏನೂ ಲಾಭವಿಲ್ಲ, ಒಂದೊಂದು ಕೋರ್ ವೇಗವಾಗಿರಬೇಕು. ದೊಡ್ಡ ಪಿಡಿಎಫ್ ಎಕ್ಸ್‌ಪೋರ್ಟ್ ಓಡುವಾಗ ಅದರ ಪ್ರಯಾರಿಟಿಯನ್ನು (ಸಿಪಿಯು ಕೊಡುವ ಆದ್ಯತೆಯನ್ನು) 'ಬಿಲೋ ನಾರ್ಮಲ್' ಮಾಡುತ್ತೇನೆ. ಪಕ್ಕದಲ್ಲಿ ಟೈಪಿಂಗ್ ತಡೆಯಿಲ್ಲದೆ ನಡೆಯುತ್ತದೆ. 'ರಿಯಲ್ ಟೈಮ್' ಮಾತ್ರ ಮುಟ್ಟಬೇಡಿ, ಮೌಸೇ ನಿಂತುಹೋಗಬಹುದು.

ಎಕ್ಸ್‌ಪೋರ್ಟ್ ಓಡುವಾಗಲೇ ಸಿಪಿಯು ಪುಟದ 'ಸ್ಪೀಡ್' ಕೂಡ ನೋಡುತ್ತೇನೆ. ಪೂರ್ತಿ ಕೆಲಸ ಇದ್ದಾಗಲೂ ಅದು ಬೇಸ್ ಸ್ಪೀಡ್‌ಗಿಂತ (ಸಿಪಿಯುವಿನ ಮೂಲ ವೇಗಕ್ಕಿಂತ) ಕೆಳಗೆ ಬಿದ್ದಿದ್ದರೆ ನಮ್ಮಲ್ಲಿ ಸಾಮಾನ್ಯವಾಗಿ ಬಿಸಿಯೇ ಕಾರಣ. ಪ್ರೆಸ್‌ನಲ್ಲಿ ಪೇಪರ್ ಧೂಳು ಸದಾ ಹಾರಾಡುತ್ತದೆ. ಅದು ಫ್ಯಾನ್ ಕೆಳಗೆ ಸಿಪಿಯು ಬಿಸಿ ಹೀರುವ ಹೀಟ್ ಸಿಂಕ್‌ನಲ್ಲಿ ದಪ್ಪಗೆ ಕೂರುತ್ತದೆ. ಪವರ್ ಕೇಬಲ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯುತ್ತೇನೆ. ಮತ್ತೆ ಅದೇ ಫೈಲ್ ಎಕ್ಸ್‌ಪೋರ್ಟ್ ಕೊಟ್ಟು ಸ್ಪೀಡ್ ನೋಡುತ್ತೇನೆ. ಆಗಲೂ ಏರದಿದ್ದರೆ ಸಿಪಿಯು ಮತ್ತು ಹೀಟ್ ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಬದಲಿಸುತ್ತೇನೆ.